ಊಟದ ಮೇಜಿನ ಮೇಲೊಂದು ಗೆರೆ

ರಬ್ಬರಿನಿಂದ ಉಜ್ಜಿದ್ದಾಯಿತು. ಒದ್ದೆ ಬಟ್ಟೆಯಿಂದ ಒರೆಸಿದ್ದಾಯಿತು. ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದ್ದೂ ಆಯಿತು. ಊಟದ ಮೇಜಿನ ಅಂಚಿನುದ್ದಕ್ಕೂ ಬಿದ್ದಿದ್ದ ಗೆರೆ ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ.

"ಯಾಕೇ, ಮೇಜಿಗೆ ಹಲ್ಲುಜ್ಜಿಸ್ತಿದ್ದೀಯಾ?"

ಬಾಗಿಲಲ್ಲಿ ಚಿಕ್ಕಮ್ಮ ನಿಂತಿದ್ದಳು. ಚಿಕ್ಕಮ್ಮ ಬಡಗಿ, ಮನೆಯ ಕೆಳಗಿನ ಕೋಣೆಯೇ ಅವಳ ವರ್ಕ್‌ಶಾಪ್. ಹುಡುಗಿ ಸರಕ್ಕನೆ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಆದರೆ ಬಚ್ಚಿಟ್ಟದ್ದು ಟೂತ್‌ಪೇಸ್ಟ್ ಇದ್ದ ಕೈಯನ್ನು. ಗೆರೆ ಕೊರೆಯುವ ಚಿಕ್ಕಮ್ಮನ ಜಪಾನಿನ ಗೇಜು ಇನ್ನೊಂದು ಕೈಯಲ್ಲೇ ಇತ್ತು.

ನುಣ್ಣನೆಯ ಓಕ್ ಮರದ ತುಂಡು, ಅದರೊಳಗೆ ಜಾರುವ ಒಂದು ಕಡ್ಡಿ, ಕಡ್ಡಿಯ ತುದಿಗೆ ಉಗುರಿನಂಥ ಬ್ಲೇಡು. ಹಲಗೆಯ ಅಂಚಿಗೆ ಆನಿಸಿ ಎಳೆದರೆ, ಉದ್ದಕ್ಕೂ ಅಂಚಿನಿಂದ ಅಷ್ಟೇ ದೂರದಲ್ಲಿ ಗೆರೆ ಕೊರೆಯುತ್ತದೆ. ಜಪಾನಿನಿಂದ ತರಿಸಿದ ದಿನದಿಂದ ಚಿಕ್ಕಮ್ಮ ಅದನ್ನು ಹಸುಗೂಸಿನ ಹಾಗೆ ಬಟ್ಟೆ ಸುತ್ತಿ ಮಲಗಿಸುತ್ತಿದ್ದಳು.

"ಪೆನ್ಸಿಲ್ ತರ ಅಳಿಸಿ ಹೋಗುತ್ತೆ ಅಂದ್ಕೊಂಡೆ ಚಿಕ್ಕಮ್ಮ. ಸರ್ರಂತ ಹೋಗ್ತಿತ್ತು, ನಿಲ್ಲಿಸೋಕೇ ಮನಸ್ಸು ಬರ್ಲಿಲ್ಲ."

"ನಂಗೂ ಹಾಗೇ ಆಗುತ್ತೆ" ಎಂದು ಚಿಕ್ಕಮ್ಮ ಬಾಯಿತಪ್ಪಿ ಹೇಳಿ, ಬೇಗನೆ ಮುಖ ಗಂಟು ಹಾಕಿಕೊಂಡಳು. "ನಾನು ಮಾಡಿದ ಮೊದಲನೇ ಮೇಜು ಕಣೇ ಇದು."

ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮನೂ ಬಂದಳು. ಚಿಕ್ಕಮ್ಮ ಬಗ್ಗಿ, ಒಂದು ಕಣ್ಣು ಮುಚ್ಚಿ, ಗೆರೆಯುದ್ದಕ್ಕೂ ನೋಡಿದಳು.

"ನೋಡಕ್ಕಾ, ಕೂದಲಿನಷ್ಟು ಸಣ್ಣ. ಮರದ ಒಂದು ಎಳೆಯೂ ಕಿತ್ತು ಬಂದಿಲ್ಲ. ಏನು ಗೇಜು ಅಂತೀಯ."

"ಗೇಜಿಗೆ ಆಮೇಲೆ ಮುತ್ತು ಕೊಡು. ಮೊದ್ಲು ಇವಳಿಗೆ ಬೈಯಿ."

"ಬೈತೀನಿ ಇರು. ಇಲ್ಲಿ ಮಧ್ಯದಲ್ಲಿ ಗೆರೆ ಸೊಟ್ಟಗಿದೆ. ಕೈ ಅಲ್ಲಾಡಿಸಿದ್ದಾಳೆ."

ಗೆರೆ ಎಳೆದದ್ದಕ್ಕೆ ಬೈದಿದ್ದರೆ ಹುಡುಗಿ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಸೊಟ್ಟ ಎಂದದ್ದನ್ನು ಮಾತ್ರ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. "ಅಲ್ಲಾಡಿಸಿಲ್ಲ. ಅಂಚಿಗೆ ಅಂಟಿಸ್ಕೊಂಡೇ ಎಳೆದೆ."

"ಹಾಗಾದ್ರೆ ನನ್ನ ಗೇಜು ಸುಳ್ಳು ಹೇಳುತ್ತಾ?"

ಚಿಕ್ಕಮ್ಮ ಗೇಜನ್ನು ಅಂಚಿಗೆ ಆನಿಸಿ ಮೆಲ್ಲಗೆ ಎಳೆದಳು. ಬ್ಲೇಡು ಅದೇ ಗೆರೆಯೊಳಗೆ ಇಳಿದು, ಸೊಟ್ಟ ಜಾಗದಲ್ಲೂ ಒಂದಿಷ್ಟೂ ಆಚೀಚೆ ಆಗದೆ, ಕೊನೆಯವರೆಗೆ ಹೋಯಿತು. ಅವಳ ಹುಬ್ಬು ಮೇಲೇರಿತು. ಕೆಳಗಿನಿಂದ ಉದ್ದದ ಸ್ಟೀಲ್ ಸ್ಕೇಲ್ ತಂದು ಮೇಜಿನ ಅಂಚಿಗೇ ಹಿಡಿದಳು. ಮಧ್ಯದಲ್ಲಿ, ಸ್ಕೇಲಿಗೂ ಮೇಜಿಗೂ ನಡುವೆ, ಕಿಟಕಿಯ ಬೆಳಕು ಸಣ್ಣಗೆ ತೂರಿ ಬಂತು.

ಸೊಟ್ಟಗಿದ್ದದ್ದು ಮೇಜೇ.

ಅಮ್ಮ ಕುರ್ಚಿ ಎಳೆದುಕೊಂಡು ಕೂತಳು. "ಒಂಬತ್ತು ವರ್ಷದಿಂದ ಬಂದವರಿಗೆಲ್ಲ 'ಈ ಅಂಚು ನೋಡಿ, ದಾರ ಹಿಡಿದ ಹಾಗಿದೆ' ಅಂತಿದ್ದೆಯಲ್ಲೇ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹುಡುಗಿಗೂ ನಗು ಗಂಟಲವರೆಗೆ ಬಂದಿತ್ತು. ಆಗ ಚಿಕ್ಕಮ್ಮನ ಕಿವಿ ಕೆಂಪಾದದ್ದು ಕಂಡಿತು. ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹುಡುಗಿ ನಗುವನ್ನು ನುಂಗಿಕೊಂಡಳು.

"ಅವಾಗ ನಿನ್ ಹತ್ರ ಈ ಗೇಜು ಇರ್ಲಿಲ್ಲ ಅಲ್ವಾ ಚಿಕ್ಕಮ್ಮ?"

"ಇದ್ದಿದ್ರೂ ಅಷ್ಟೇ. ಅಂಚು ಹೇಗಿದೆಯೋ ಹಾಗೇ ಹೇಳುತ್ತೆ ಇದು. ನಾನೇ ನೋಡ್ಕೋಬೇಕಿತ್ತು." ಚಿಕ್ಕಮ್ಮ ಉಸಿರು ಬಿಟ್ಟಳು. "ಅಂಚು ಹೆರೆದು ಸರಿ ಮಾಡೋಣ. ಗೆರೆ ಇರ್ಲಿ, ಚೆನ್ನಾಗಿ ಬಂದಿದೆ. ಸ್ಕೇಲಿನ ಆ ತುದಿ ಹಿಡ್ಕೋ."

ಹುಡುಗಿ ಹಿಡಿದುಕೊಂಡಳು. ಅಮ್ಮ ಕಣ್ಣೊರೆಸಿಕೊಂಡು ಮತ್ತೆ ನಗಲು ಶುರುಮಾಡಿದಳು.

"ಅಮ್ಮಾ" ಎಂದಳು ಹುಡುಗಿ ಮೆಲ್ಲಗೆ, "ಸಾಕು ಬಿಡು."