ಸೊಪ್ಪು ಹಿಡಿದು ನಿಂತ ಯಂತ್ರ

ರಾಗಿ ಸಾಲಿನ ನಡುವೆ ಆರು ಕಾಲಿನ ಯಂತ್ರವೊಂದು ಬಗ್ಗಿ ಬಗ್ಗಿ ಕಳೆ ಕೀಳುತ್ತಿತ್ತು. ಗರಿಕೆಯನ್ನು ಬುಡಸಮೇತ ಎಳೆದು, ಎರಡು ಸಲ ಮಣ್ಣು ಕೊಡವಿ, ಎಡಕ್ಕೆ ಎಸೆಯುತ್ತಿತ್ತು. ಬದುವಿನ ಮೇಲೆ ಕುಳಿತ ಕ್ಯಾತಮ್ಮ ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ. ಆ ಕೊಡವುವ ರೀತಿ, ಆ ಎಸೆಯುವ ರೀತಿ, ಎಲ್ಲವೂ ಅವಳದೇ.

ಮದ್ದು ಹೊಡೆಯದ ಈ ಮೂರೆಕರೆ ಹೊಲಕ್ಕೆ ಕೈಯಲ್ಲಿ ಕಳೆ ಕೀಳದೆ ಗತಿಯಿಲ್ಲ. ಹೋದ ವರ್ಷ ವಿಜ್ಞಾನಿ ಡಾ. ಶಾಲ್ಮಲಿ ಬಂದು ಅವಳ ಕೈಗೆ ತಂತಿಯ ಕೈಗವಸು ತೊಡಿಸಿ, ಹಣೆಗೆ ಕ್ಯಾಮೆರಾ ಕಟ್ಟಿದ್ದರು. ಬೆರಳಿನ ಒಂದೊಂದು ಚಲನೆಯನ್ನೂ ದಾಖಲಿಸುವ ಆ ವಿದ್ಯೆಗೆ 'ಹಸ್ತಸ್ಮೃತಿ' ಎಂದು ಹೆಸರು. "ಸುಮ್ನೆ ಅಧ್ಯಯನಕ್ಕಮ್ಮ" ಎಂದಿದ್ದರು. ಈ ವರ್ಷ ಯಂತ್ರ ಬಂತು. ಹೊಲದ ಯಜಮಾನ ಹೊನ್ನಯ್ಯ ಕ್ಯಾತಮ್ಮನಿಗೆ ಬರಬೇಡ ಎಂದ. ಕೂಲಿ ಹೋಯಿತು, ಕಳೆಯ ಜೊತೆ ಸಿಗುತ್ತಿದ್ದ ಸಾರಿನ ಸೊಪ್ಪೂ ಹೋಯಿತು.

"ನನ್ನ ಕೈ ಕದ್ದು ನನ್ನೇ ಆಚೆಗೆ ಹಾಕಿದ್ರಲ್ಲವ್ವಾ, ದ್ಯಾವರು ಮೆಚ್ತಾನಾ?"

"ಕದ್ದಿಲ್ಲ ಕ್ಯಾತಮ್ಮ, ಅದು ಕಲಿತಿದೆ," ಎಂದರು ಯಂತ್ರ ನೋಡಿಕೊಳ್ಳಲು ಹೊಲಕ್ಕೆ ಬಂದಿದ್ದ ಡಾಕ್ಟರು.

"ಕಲ್ತೋರು ಗುರುವಿಗೆ ಕೈ ಮುಗೀತಾರೆ. ಬದುವಿನ ಮ್ಯಾಲೆ ಕೂರ್ಸಲ್ಲ."

ಅಷ್ಟರಲ್ಲಿ ಯಂತ್ರ ನಿಂತಿತು. ಅದರ ಮುಷ್ಟಿಯಲ್ಲಿ ಸಾರಿಗೆ ಹಾಕುವ ಹಸಿ ಅಣ್ಣೆಸೊಪ್ಪು. ಎಸೆಯಲೊಲ್ಲದು, ಬಿಡಲೊಲ್ಲದು. ಜೋಗಿಯ ಜೋಳಿಗೆಗೆ ಕಾದ ಮನೆಯೊಡತಿಯಂತೆ ಕೈ ಚಾಚಿ ನಿಂತಿತ್ತು. ಡಾಕ್ಟರು ಗುಂಡಿ ಒತ್ತಿದರು, ಬಕೆಟ್ ಹಿಡಿದರು, ಮಂಕರಿ ಇಟ್ಟರು. ಕದಲಲಿಲ್ಲ. ಕೊನೆಗೆ ದಾಖಲೆ ತೆರೆದು ನೋಡಿದರು. ಕ್ಯಾತಮ್ಮನ ಕೈ ಸೊಪ್ಪು ಕಿತ್ತಾಗಲೆಲ್ಲ ಹೋಗಿದ್ದು ಒಂದೇ ಕಡೆಗೆ, ಅವಳ ಮಡಿಲಿಗೆ. ಮಡಿಲಿಗೆ ಬೀಳದೆ ಕೆಲಸ ಮುಗಿಯದೆಂದು ಯಂತ್ರ ನಂಬಿಬಿಟ್ಟಿತ್ತು. ಆ ನೆನಪನ್ನು ಅಳಿಸಿದರೆ ಕಳೆ ಯಾವುದು, ರಾಗಿ ಯಾವುದು ಎಂಬುದೂ ಅಳಿಯುತ್ತಿತ್ತು.

"ಸ್ವಲ್ಪ ಬಂದು ನಿಂತ್ಕೊಳ್ತೀರಾ ಕ್ಯಾತಮ್ಮ?"

"ನಾನ್ಯಾಕೆ? ನೀವೂ ಸೀರೆ ಉಟ್ಟಿದ್ದೀರಲ್ಲ."

ಡಾಕ್ಟರು ಸೀರೆ ಎತ್ತಿ ಕಟ್ಟಿ ಮಡಿಲೊಡ್ಡಿದರು. ಸೊಪ್ಪು ಬಿತ್ತು, ಯಂತ್ರ ಒಂದು ಹೆಜ್ಜೆ ಇಟ್ಟಿತು, ಮತ್ತೆ ಕೈ ಚಾಚಿತು. ಹೀಗೆ ಮಧ್ಯಾಹ್ನದ ಬಿಸಿಲಿನವರೆಗೆ.

"ನಡೀರಿ ನಡೀರಿ, ಇನ್ನೂ ಅರ್ಧ ಹೊಲ ಐತೆ," ಎಂದಳು ಕ್ಯಾತಮ್ಮ.

ಸೊಂಟ ಹಿಡಿದುಕೊಂಡು, ತುಂಬಿದ ಮಡಿಲನ್ನು ಎಲ್ಲಿ ಸುರಿಯುವುದೆಂದು ತಿಳಿಯದೆ, ಡಾಕ್ಟರು ಬದುವಿಗೆ ಬಂದರು.

"ಅದು ನನ್ನ ಸೊಪ್ಪು. ಇಲ್ಲಿ ಸುರೀರಿ." ಕ್ಯಾತಮ್ಮ ಎದ್ದು ಮಡಿಲೊಡ್ಡಿದಳು.

ಹೊಲದ ನಡುವೆ ಯಂತ್ರ ತಲೆಯೆತ್ತಿತು. ಒಂದು ಪೈರನ್ನೂ ತುಳಿಯದೆ, ಅವಳಂತೆಯೇ ಕಾಲೆತ್ತಿಟ್ಟು, ನೇರ ಅವಳ ಮಡಿಲಿನ ಮುಂದೆ ಬಂದು ಸೊಪ್ಪಿನ ಕೈ ಚಾಚಿ ನಿಂತಿತು.

ದೂರದಿಂದ ನೋಡುತ್ತಿದ್ದ ಹೊನ್ನಯ್ಯ ಓಡಿ ಬಂದ. "ನಾಳೆಯಿಂದ ಬಾರವ್ವಾ, ಕೂಲಿ ಕೊಡ್ತೀನಿ."

"ಎರಡಾಳು ಕೂಲಿ," ಎಂದಳು ಕ್ಯಾತಮ್ಮ, ಯಂತ್ರದತ್ತ ಗದ್ದ ತೋರಿಸಿ. "ಅದೂ ನನ್ನ ಕೈಯೇ."