ಬೆಳ್ಳಿ ಕಣ್ಣು

ಗಿರಿಯಪ್ಪ ಸಾವಕಾರ ಶ್ವೇತಾಳ ಎರಡು ಕಣ್ಣು ಕಳೆದು, ಬದಲಿಗೆ ಎರಡು ಬೆಳ್ಳಿ ಕಣ್ಣು ಕಳಿಸಿಕೊಟ್ಟ. ಕೆಂಪು ವಸ್ತ್ರದಲ್ಲಿ ಸುತ್ತಿ, ಜೊತೆಗೊಂದು ತೆಂಗಿನಕಾಯಿ ಇಟ್ಟು, ಕಾರಿನ ಡ್ರೈವರನ ಕೈಯಲ್ಲಿ ಬ್ಯಾಡಗಿಯ ಅವರ ಮನೆಗೆ ಮುಟ್ಟಿಸಿದ. ಕದರಮಂಡಲಗಿ ಹನುಮಪ್ಪನಿಗೆ ಅರ್ಪಿಸಿದರೆ ದೃಷ್ಟಿ ಬರುತ್ತದಂತೆ. "ಸಾವಕಾರ್ರು ತಾವ ಅಂಗಡಿಗೆ ಹೋಗಿ ಆರಿಸ್ಯಾರ್ರಿ" ಎಂದ ಡ್ರೈವರ್. ಶ್ವೇತಾಳ ಅಕ್ಕ ಪುಷ್ಪಲತಾ ಗಂಟು ತೆಗೆದುಕೊಂಡಳು. ತೆಂಗಿನಕಾಯಿ ಒಡೆದು ಚಟ್ನಿ ಮಾಡಿದಳು. ಬೆಳ್ಳಿ ಕಣ್ಣನ್ನು ಮಾತ್ರ ಹನುಮಪ್ಪನಿಗೆ ಕೊಡಲಿಲ್ಲ, ಜೋಳದ ಡಬ್ಬದಲ್ಲಿ ಹುದುಗಿಸಿಟ್ಟಳು. ಅದನ್ನು ಯಾರಿಗೆ ಅರ್ಪಿಸಬೇಕು ಎಂಬುದು ಚಟ್ನಿ ರುಬ್ಬುವಾಗಲೇ ಅವಳಿಗೆ ನಿಶ್ಚಯವಾಗಿತ್ತು.

ಗಿರಿಯಪ್ಪನ ಕಾರ್ಖಾನೆ ರಾಣೆಬೆನ್ನೂರಿನ ಹೊರಗಿತ್ತು. ಅಲ್ಲಿ ತಯಾರಾಗುತ್ತಿದ್ದದ್ದು ಮೆಣಸಿನಕಾಯಿಯ ಹೊಗೆಗುಂಡು. ಜನರ ಗುಂಪಿನ ನಡುವೆ ಎಸೆದರೆ ಸಾಕು, ಘೋಷಣೆ ಕೂಗುತ್ತಿದ್ದವರು ಕಣ್ಣುಜ್ಜುತ್ತ ದಿಕ್ಕಾಪಾಲಾಗಿ ಓಡಬೇಕು. ಸರಕಾರದ ಕಾಗದದಲ್ಲಿ ಇದಕ್ಕೆ ಪ್ರಾಣಹಾನಿಯಿಲ್ಲದ ಆಯುಧ ಎಂಬ ಗಂಭೀರವಾದ ಹೆಸರು. ಗಿರಿಯಪ್ಪ ಮಾಡಿದ್ದನ್ನೆಲ್ಲ ಸರಕಾರಿ ಕಂಪನಿಯೊಂದು ಕೊಂಡು, ತನ್ನ ಮುದ್ರೆ ಒತ್ತಿ, ಪರದೇಶಗಳ ಪೊಲೀಸರಿಗೆ ಮಾರುತ್ತಿತ್ತು. ದೇಶದ ರಫ್ತು ಏರುತ್ತಿದೆ ಎಂದು ಭಾಷಣಗಳಾದವು, ಗಿರಿಯಪ್ಪನ ಕೊರಳಿಗೆ ಶಾಲುಗಳು ಬಿದ್ದವು. ಆ ಗುಂಡುಗಳು ಯಾವ ಊರಿನ ಬೀದಿಯಲ್ಲಿ ಯಾರ ಮುಂದೆ ಬಿದ್ದವೆಂದು ಕೇಳುವ ತೊಂದರೆ ಯಾರೂ ತೆಗೆದುಕೊಳ್ಳಲಿಲ್ಲ. ಪುಷ್ಪಲತಾ ಒಮ್ಮೆ ಮೊಬೈಲಿನಲ್ಲಿ ನೋಡಿದ್ದಳು. ಯಾವುದೋ ದೇಶದಲ್ಲಿ ಕಾಲೇಜು ಹುಡುಗಿಯರು ರಸ್ತೆಯ ಮೇಲೆ ಕೂತು ಒಬ್ಬರ ಕಣ್ಣಿಗೆ ಒಬ್ಬರು ಹಾಲು ಹನಿಸುತ್ತಿದ್ದರು. ಆವತ್ತು ಅವಳಿಗೆ ಅಯ್ಯೋ ಅನ್ನಿಸಿತ್ತು, ಅಷ್ಟೇ. ಪರರ ಕಣ್ಣಿನ ನೋವು ಎಷ್ಟು ಹೊತ್ತು ಉಳಿದೀತು?

ಅವಳು ಗುಂಡು ತುಂಬುವ ವಿಭಾಗದ ಮೇಲ್ವಿಚಾರಕಿ. ತಂಗಿ ಶ್ವೇತಾ ಅಲ್ಲೇ ಕೆಲಸಕ್ಕಿದ್ದಳು. ಈಶಾನ್ಯ ರಾಜ್ಯಗಳ ಕಡೆಯಿಂದ ತರಿಸಿದ ಉರಿಗಾಯಿಯ, ಅಂದರೆ ಅತಿ ಖಾರದ ಮೆಣಸಿನಕಾಯಿಯ, ರಸ ದೊಡ್ಡ ಡ್ರಮ್ಮುಗಳಲ್ಲಿ ಬರುತ್ತಿತ್ತು. ಡ್ರಮ್ಮಿನ ಮುಚ್ಚಳದ ರಬ್ಬರು ಸವೆದಿದೆ, ಹುಡುಗಿಯರಿಗೆ ಕಣ್ಣಿಗೆ ಹಾಕಲು ಕನ್ನಡಕ ಬೇಕು ಎಂದು ಪುಷ್ಪಲತಾ ಎಷ್ಟೋ ಸಲ ಹೇಳಿದ್ದಳು. "ಮುಂದಿನ ಆರ್ಡರಿಗೆ ನೋಡೂನಂತ ತಂಗಿ" ಎಂದು ಗಿರಿಯಪ್ಪ ನಗುತ್ತಲೇ ಅಂದಿದ್ದ. ಮುಂದಿನ ಆರ್ಡರಿನ ಮೊದಲ ಡ್ರಮ್ಮೇ ಶ್ವೇತಾಳ ಮುಖಕ್ಕೆ ಚಿಮ್ಮಿತು.

ಹಾವೇರಿಯ ಜಿಲ್ಲಾ ಕಚೇರಿಯಲ್ಲಿ ವಿಚಾರಣೆ ನಡೆಯಿತು. ದಿಲ್ಲಿಯಿಂದ ರಫ್ತಿನ ಸಾಹೇಬರು ಬಂದಿದ್ದರು, ಅವರ ಮಾತು ಕನ್ನಡಕ್ಕೆ ತಿರುಗಿಸಲು ಬೆಂಗಳೂರಿನ ಅಧಿಕಾರಿಯೊಬ್ಬರು. ಯಾವುದೋ ದೊಡ್ಡ ದೇಶ ಖರೀದಿಗೆ ಇನ್ನೇನು ಸಹಿ ಹಾಕುವುದರಲ್ಲಿತ್ತು. ಇಂಥ ಹೊತ್ತಿನಲ್ಲಿ ಕಾರ್ಖಾನೆಯದು ತಪ್ಪು ಅಂದರೆ ದೇಶದ ಮರ್ಯಾದೆ ಏನಾಗಬೇಕು? ತಪ್ಪು ಯಾರದಾದರೂ ಸಣ್ಣವರದಾಗಿದ್ದರೆ ಎಲ್ಲರಿಗೂ ಅನುಕೂಲ. ಗಿರಿಯಪ್ಪ ಎದ್ದು ನಿಂತು, ಕಂಪನಿ ಎಲ್ಲ ಕೊಟ್ಟಿತ್ತು, ಹುಡುಗಿ ಏನೂ ಕಟ್ಟಿಕೊಳ್ಳದೆ ಬರಿಮುಖದಲ್ಲಿ ಡ್ರಮ್ಮು ಬಿಚ್ಚಿದಳು, ಆಕೆಯದೇ ನಿಷ್ಕಾಳಜಿ ಎಂದ. ಕಣ್ಣಲ್ಲಿ ನೀರು ಕೂಡ ತಂದುಕೊಂಡ. ಆ ಕಲೆ ಅವನಿಗೆ ಮೊದಲಿನಿಂದಲೂ ಇತ್ತು.

ಪುಷ್ಪಲತಾಳ ಮೈ ಉರಿದುಹೋಯಿತು. ಕರೆಯದಿದ್ದರೂ ಎದ್ದು ನಿಂತಳು. "ಸುಳ್ಳರಿ ಸಾಹೇಬ್ರ. ನಮ್ಮವ್ವ ಫಕ್ಕೀರವ್ವ ಬ್ಯಾಡಗಿ ಪ್ಯಾಟ್ಯಾಗ ಕಾಯಿ ತೊಟ್ಟು ಬಿಡಿಸಿ ನಮ್ಮನ್ನ ಬೆಳೆಸ್ಯಾಳ. ಉರಿಗಾಯಿ ಚೀಲಕ್ಕ ಕೈ ಹಚ್ಚೂಕಿಂತ ಮೊದಲ ಸೆರಗು ಮೂಗಿಗೆ ಹೋಗಬೇಕು, ಇಲ್ಲಂದ್ರ ಬೆನ್ನಿಗೆ ಗುದ್ದು ಬೀಳತಿತ್ತು. ಈಗ ನಮಗ ಗೊತ್ತಾಗದಂಗ ಕೈ ತಾನ ಹೋಗತೈತ್ರಿ. ನನ್ನ ತಂಗಿ ಬರಿಮುಖದಾಗ ಡ್ರಮ್ಮು ಬಿಚ್ಚಾಕ ಸಾಧ್ಯನ ಇಲ್ಲ."

ಬಾಗಿಲ ಬಳಿ ನಿಂತಿದ್ದ ಸಬ್ ಇನ್‌ಸ್ಪೆಕ್ಟರ್ ಜಾಕೀರ್ ತಲೆಯೆತ್ತಿ ನೋಡಿದ. ಉಳಿದವರು ಗಡಿಯಾರ ನೋಡಿದರು. ದಿಲ್ಲಿಯ ಸಾಹೇಬರು ಏನೋ ಅಂದು ನಕ್ಕರು. ಬೆಂಗಳೂರಿನವರು ಅದನ್ನು ಮೆತ್ತಗೆ ತಿರುಗಿಸಿದರು: "ರೂಢಿ ಅನ್ನೋದು ಸಾಕ್ಷಿ ಆಗಲ್ಲಮ್ಮ."

ಪರಿಹಾರದ ಮಾತು ಅವಳು ಎತ್ತಲೇ ಇಲ್ಲ. ನಿಷ್ಕಾಳಜಿ ಎಂಬ ಒಂದು ಮಾತು ಅಳಿಸಿದ್ದರೆ ಸಾಕಿತ್ತು. ಕತ್ತಲಲ್ಲಿ ಕೂತ ಶ್ವೇತಾ ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದಳು, "ಅಕ್ಕಾ, ನಾ ವೇಲು ಕಟ್ಟಿಕೊಂಡಿದ್ದೆ ಅಲ್ಲ? ಎಲ್ಲಾರೂ ಇಲ್ಲ ಅಂತಾರ. ನನಗ ಈಗೀಗ ಡೌಟ್ ಬರಾಕತ್ತೈತಿ." ಕಣ್ಣು ಹೋದದ್ದಕ್ಕಿಂತ ಈ ಮಾತು ಪುಷ್ಪಲತಾಳಿಗೆ ಹೆಚ್ಚು ನೋವು ಕೊಡುತ್ತಿತ್ತು. ತನ್ನ ಮೇಲೆಯೇ ತನಗೆ ನಂಬಿಕೆ ಇಲ್ಲದಂತೆ ಮಾಡಿದ್ದರು ಆ ಹುಡುಗಿಗೆ. ಹಾಗಾದರೆ ಗಿರಿಯಪ್ಪನಿಗೂ ಅದೇ ಆಗಬೇಕು. ಕಣ್ಣು ಉರಿಯಬೇಕು, ಮೇಲಿಂದ ಅವನದೇ ನಿಷ್ಕಾಳಜಿ ಎಂದು ಊರು ಆಡಿಕೊಳ್ಳಬೇಕು. ಅದಕ್ಕಿಂತ ಒಂದು ಗುಂಜಿ ಕಡಿಮೆಯಾದರೂ ಅವಳಿಗೆ ಸಮಾಧಾನವಿರಲಿಲ್ಲ.

ಅವಳು ಕೆಲಸ ಬಿಡಲಿಲ್ಲ. ಹೊಟ್ಟೆಪಾಡು, ಪಾಪ, ಎಂದರು ಜನ. ಗಿರಿಯಪ್ಪನಿಗಂತೂ ಇದರಿಂದ ಸಂತೋಷವೇ ಆಯಿತು. ನೊಂದ ಮನೆಯವಳೇ ಪಕ್ಕದಲ್ಲಿ ನಿಂತರೆ ಬಾಯಿ ಮಾಡುವವರ ಬಾಯಿ ಮುಚ್ಚುತ್ತದೆಂದು, ಖರೀದಿದಾರರ ಮುಂದಿನ ಪ್ರದರ್ಶನಗಳಲ್ಲಿ ತಟ್ಟೆ ಹಿಡಿದು ನಿಲ್ಲುವ ಕೆಲಸವನ್ನು ಅವಳಿಗೇ ಕೊಟ್ಟ.

ಆ ಪ್ರದರ್ಶನವೇ ಅವನ ಕೊರಳಿಗೆ ಉರುಳಾಗುವುದೆಂದು ಅವಳಿಗೆ ಬೇಗ ಹೊಳೆಯಿತು. ಕಾರ್ಖಾನೆಯಲ್ಲಿ ಎರಡು ಬಗೆಯ ಗುಂಡು. ಉರಿರಸ ತುಂಬಿದ್ದಕ್ಕೆ ಕೆಲಸಗಾರರು ಖರೇ ಗುಂಡು ಅನ್ನುತ್ತಿದ್ದರು. ಪೊಲೀಸರ ತಾಲೀಮಿಗೆ ಮಾಡಿದ್ದು ಸುಳ್ಳು ಗುಂಡು. ಅದರಲ್ಲಿ ನಮ್ಮ ಬ್ಯಾಡಗಿಯ ಡಬ್ಬಿ ಕಾಯಿ, ನೋಡಲು ಕೆಂಡದಂಥ ಬಣ್ಣ, ಖಾರ ಮಾತ್ರ ಹೆಸರಿಗಷ್ಟೆ. ಸಿಡಿಸಿದರೆ ಕೆಂಪು ಹೊಗೆ ಭುಗಿಲೆದ್ದು ಒಂದೆರಡು ಸೀನು ಬಂದರೆ ಹೆಚ್ಚು. ತೂಕ, ಆಕಾರ ಎರಡಕ್ಕೂ ಒಂದೇ. ವ್ಯತ್ಯಾಸವೆಂದರೆ ತಳಕ್ಕೆ ಅಂಟಿಸಿದ ಚೀಟಿ: ಖರೇ ಗುಂಡಿಗೆ ಕೆಂಪು, ಸುಳ್ಳು ಗುಂಡಿಗೆ ಹಸಿರು.

ಗಿರಿಯಪ್ಪ ಹುಟ್ಟಾ ನಾಟಕದವನು. ಪರದೇಶದವರ ಎದುರು ಸುಳ್ಳು ಗುಂಡನ್ನು ತನ್ನ ಕಾಲ ಬುಡದಲ್ಲೇ ಸಿಡಿಸಿ, ಕೆಂಪು ಹೊಗೆಯ ಒಳಗೆ ಕಣ್ಣು ಬಿಟ್ಟುಕೊಂಡು ನಿಂತು, ಹೊಗೆ ಕರಗಿದ ಮೇಲೆ ಕೈ ಮುಗಿಯುತ್ತ ಹೊರಬರುತ್ತಿದ್ದ. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಖರೇ ಗುಂಡನ್ನು ದೂರದ ತಗ್ಗಿನಲ್ಲಿ ಸಿಡಿಸಿ ತೋರಿಸುತ್ತಿದ್ದರು. ತನ್ನ ಗುಂಡನ್ನು ಅವನು ಯಾರ ಕೈಯಿಂದಲೂ ತರಿಸುತ್ತಿರಲಿಲ್ಲ. ತನ್ನ ಕೋಣೆಯ ಕಪಾಟಿನಿಂದ ತಾನೇ ಆರಿಸಿ ತಂದು ಅವಳ ತಟ್ಟೆಯಲ್ಲಿ ಇಡುತ್ತಿದ್ದ. ಈ ಹುಷಾರಿಯೇ ಅವನನ್ನು ಮುಳುಗಿಸಬೇಕು ಎಂದು ಅವಳು ಲೆಕ್ಕ ಹಾಕಿದಳು.

ಉಪಾಯ ಸರಳವಾಗಿತ್ತು, ಅದೇ ಅದರ ಚೆಲುವು. ಕಪಾಟಿನಲ್ಲಿ ಖರೇ ಗುಂಡುಗಳ ನಡುವೆ ಇರುವ ಒಂದೇ ಒಂದು ಸುಳ್ಳು ಗುಂಡಿನ ಹಸಿರು ಚೀಟಿಯನ್ನು ಹಬೆ ಹಿಡಿದು ಬಿಡಿಸಿ, ಪಕ್ಕದ ಖರೇ ಗುಂಡಿಗೆ ಅಂಟಿಸುವುದು. ಅದರ ಕೆಂಪು ಚೀಟಿಯನ್ನು ಇದಕ್ಕೆ. ಗಿರಿಯಪ್ಪ ಹಸಿರು ನೋಡಿ ಎತ್ತಿಕೊಳ್ಳುತ್ತಾನೆ. ಸಿಡಿದಾಗ ತಳದ ಚೀಟಿ ಸುಟ್ಟು ಬೂದಿ. ಎಲ್ಲರೂ ಅವನ ಸುತ್ತ ಓಡಾಡುವಾಗ ಅವಳು ಕೋಣೆಗೆ ಹೋಗಿ, ಉಳಿದ ಸುಳ್ಳು ಗುಂಡಿನ ಕೆಂಪು ಚೀಟಿ ಕಿತ್ತು ಹೊಸದೊಂದು ಹಸಿರು ಚೀಟಿ ಹಚ್ಚಿಬಿಟ್ಟರೆ ಆಯಿತು. ಪೊಲೀಸರು ಕಪಾಟು ತೆರೆದಾಗ ಕಾಣುವುದೇನು? ಸುಳ್ಳು ಗುಂಡು ಅಲ್ಲೇ ಕೂತಿದೆ, ಖರೇ ಗುಂಡೊಂದು ಇಲ್ಲ. ಸಾವಕಾರ ಗಡಿಬಿಡಿಯಲ್ಲಿ ತಪ್ಪು ಗುಂಡು ಎತ್ತಿಕೊಂಡಿದ್ದಾನೆ. ಯಾರದು ನಿಷ್ಕಾಳಜಿ? ಸಾವಕಾರಂದೇ ನಿಷ್ಕಾಳಜಿ.

ಬೆರಳಿನ ಗುರುತು ಬೀಳದಂತೆ ಕೈಗವಸು ಹಾಕಿಕೊಂಡಳು. ಅಂಟು ಕಾರ್ಖಾನೆಯದೇ. ಕೋಣೆಗೆ ಅವಳು ಹೋಗಿಬರುವುದು ದಿನದ ಮಾತಾದ್ದರಿಂದ ಯಾರೂ ತಿರುಗಿ ನೋಡಲಿಲ್ಲ. ಕೆಲಸ ಮುಗಿಸಿ ಹೊರಬಂದಾಗ ಅವಳಿಗೆ ಭಯವಾಗಲಿಲ್ಲ. ಎಷ್ಟೋ ದಿನಗಳ ಮೇಲೆ ಚೆನ್ನಾಗಿ ಹಸಿವಾಯಿತು.

ಅತಿಥಿಗಳು ಬಂದರು. ಸಮವಸ್ತ್ರದ ಪರದೇಶದ ಅಧಿಕಾರಿಗಳು, ದಿಲ್ಲಿಯ ಅದೇ ಸಾಹೇಬರು, ಬಂದೋಬಸ್ತಿಗೆ ಜಾಕೀರನ ತಂಡ. ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಶಾಮಿಯಾನ, ಮಿರ್ಚಿ ಭಜಿ, ಹೂವಿನ ಹಾರ. ಸರಕಾರಿ ಕಂಪನಿಯವರು ಮಾರಾಟದ ಚಿತ್ರಕ್ಕೆಂದು ಕ್ಯಾಮೆರಾ ಹೂಡಿದ್ದರು. ಗಿರಿಯಪ್ಪ ಬಿಳಿ ಅಂಗಿ ತೊಟ್ಟಿದ್ದ, ಕೆಂಪು ಚೆನ್ನಾಗಿ ಕಾಣಲಿ ಎಂದು. ಕೋಣೆಯಿಂದ ಗುಂಡು ತಂದು ಅವಳ ತಟ್ಟೆಯಲ್ಲಿಟ್ಟ. "ಶ್ವೇತಾ ಹೆಂಗದಾಳವಾ? ಬೆಳ್ಳಿ ಕಣ್ಣು ಅರ್ಪಿಸಿದ್ರಿಲ್ಲ?" ಎಂದು ಕೇಳಿದ.

"ಇನ್ನ ಇಲ್ರಿ. ಮುಹೂರ್ತ ಈಗ ಕೂಡಿ ಬಂದೈತಿ" ಎಂದಳು.

ಅವನು ಗುಂಡು ಎತ್ತಿ ಅತಿಥಿಗಳಿಗೆ ಕೈ ಬೀಸಿದ. ಅವಳು ತಟ್ಟೆಯನ್ನು ಎಡಗೈಗೆ ಬದಲಿಸಿ, ಅವನ ಬೆರಳನ್ನೇ ನೋಡುತ್ತ ನಿಂತಳು. ಬೆರಳು ಗುಂಡಿನ ಪಿನ್ನಿನ ಉಂಗುರದೊಳಗೆ ಹೋಯಿತು. ಉಂಗುರ ಹೊರಬಂತು. ಹೊಗೆ ಎದ್ದಿತು.

ಅವನ ಕೂಗು ಕೇಳಿದಾಗ ಅವಳಿಗೆ ಖುಷಿಯೇ ಆಯಿತು, ಅದನ್ನು ಮುಚ್ಚಿಟ್ಟು ಏನು ಮಾಡುವುದು. ಆಮೇಲೆ ಎಲ್ಲ ಅಂದುಕೊಂಡಂತೆಯೇ ನಡೆಯಿತು. ಜನ ಓಡಿದರು, ನೀರು ತಂದರು, ಕಾರು ಬಂತು. ಅವಳು ಕೋಣೆಗೆ ಹೋಗಿ ಚೀಟಿ ಸರಿಪಡಿಸಿ ಬಂದು, ಎಲ್ಲರ ಜೊತೆ ಬಾಯಿ ಬಡಿದುಕೊಂಡು ಅತ್ತಳು. ಪೊಲೀಸರು ಕಪಾಟು ನೋಡಿದರು. ಸಾವಕಾರ ತಪ್ಪು ಗುಂಡು ಎತ್ತಿಕೊಂಡರು ಎಂದು ಸಂಜೆಯೊಳಗೆ ರಾಣೆಬೆನ್ನೂರಿನ ಚಹಾದ ಅಂಗಡಿಗಳಿಗೆಲ್ಲ ಗೊತ್ತಾಗಿತ್ತು. ಆಸ್ಪತ್ರೆಯಲ್ಲಿ ಅವನು, ಹಸಿರು ಚೀಟಿ ನೋಡಿಯೇ ತಂದೆ, ನೋಡಿಯೇ ತಂದೆ ಎಂದು ಗೊಣಗುತ್ತಿದ್ದನಂತೆ. ಯಾರೂ ನಂಬಲಿಲ್ಲ. ಕೊನೆಕೊನೆಗೆ ಅವನಿಗೂ ಡೌಟು ಬಂತಂತೆ.

ಒಂದೇ ಒಂದು ಮಾತು ಅವಳ ಬಾಯಿ ಕಹಿ ಮಾಡಿತು. ಗುಂಡಿನ ಉರಿಯನ್ನು ಕಣ್ಣಾರೆ ಕಂಡ ಪರದೇಶದವರು ಮೆಚ್ಚಿ, ಕೇಳಿದ್ದಕ್ಕಿಂತ ಇಮ್ಮಡಿ ಖರೀದಿಗೆ ಸಹಿ ಹಾಕಿ ಹೋದರು. ಸರಕಾರಿ ಕಂಪನಿ ಆ ಚಿತ್ರವನ್ನೇ ನಿಧಾನಗತಿಯಲ್ಲಿ ಓಡುವಂತೆ ತಿದ್ದಿ ಬೇರೆ ದೇಶಗಳಿಗೂ ತೋರಿಸಲು ಹತ್ತಿತು. ಹೋಗಲಿ, ದೇಶ ಆಳುವವರ ಲೆಕ್ಕ ಅವರಿಗಿರಲಿ. ಅವಳದು ಗಿರಿಯಪ್ಪನ ಲೆಕ್ಕ. ಕೆಂಪು ವಸ್ತ್ರದಲ್ಲಿ ಬೆಳ್ಳಿ ಕಣ್ಣು ಸುತ್ತಿ, ತೆಂಗಿನಕಾಯಿ ಇಟ್ಟು, ಆಸ್ಪತ್ರೆಗೆ ಹೋಗಿ ಅವನ ದಿಂಬಿನ ಪಕ್ಕ ಇಟ್ಟಳು. "ಹನುಮಪ್ಪಗ ಅರ್ಪಿಸ್ರಿ ಸಾವಕಾರ್ರ, ದೃಷ್ಟಿ ಬರತೈತಿ" ಎಂದಳು. ಅವನ ಹೆಂಡತಿ ಇಂಥ ದೊಡ್ಡ ಮನಸ್ಸು ಯಾರಿಗಿದ್ದೀತು ಎಂದು ಅವಳ ಕೈ ಹಿಡಿದು ಅತ್ತಳು.

ಸಬ್ ಇನ್‌ಸ್ಪೆಕ್ಟರ್ ಜಾಕೀರ್ ಬ್ಯಾಡಗಿಯ ಮನೆಗೆ ಬಂದದ್ದು ಒಂದು ಮಧ್ಯಾಹ್ನ. ಶ್ವೇತಾ ಮೂಲೆಯಲ್ಲಿ ಕೂತು ಕೈಯಿಂದ ತಡವಿಯೇ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವನು ಚಹಾ ಕುಡಿದು, ಲೋಟ ಕೆಳಗಿಟ್ಟು, ಮೊಬೈಲು ತೆಗೆದ. ಮೊದಲು ಹಳೆಯ ಪ್ರದರ್ಶನಗಳ ಚಿತ್ರ ತೋರಿಸಿದ. ಎಲ್ಲದರಲ್ಲೂ ಪುಷ್ಪಲತಾ ಕೆಂಪು ಹೊಗೆಯ ಪಕ್ಕ ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಆರಾಮಾಗಿ ನಿಂತಿದ್ದಳು. ಕೊನೆಗೆ ನಿಧಾನಗತಿಯ ಚಿತ್ರ. ಗಿರಿಯಪ್ಪ ಗುಂಡು ಎತ್ತಿ ಕೈ ಬೀಸುತ್ತಿದ್ದಾನೆ. ಅವಳ ತಟ್ಟೆ ಎಡಗೈಗೆ ಬಂತು. ಬಲಗೈ ಸೊಂಟಕ್ಕೆ ಇಳಿದು, ಸೆರಗು ಬಿಡಿಸಿ, ಮೂಗು ಬಾಯಿ ಬಿಗಿಯಾಗಿ ಮುಚ್ಚಿತು. ಆಮೇಲೆ ಉಂಗುರ ಹೊರಬಂತು. ಅವಳಿಗೆ ಅದರ ನೆನಪೇ ಇರಲಿಲ್ಲ. ಬೇರೆ ಯಾರದೋ ಕೈ ನೋಡಿದಂತೆ ನೋಡಿದಳು.

"ನಮ್ಮ ಅಮ್ಮಾನೂ ಇದ ಪ್ಯಾಟ್ಯಾಗ ತೊಟ್ಟು ಬಿಡಿಸಿದಾಕಿ, ಅಕ್ಕಾರ" ಎಂದ ಜಾಕೀರ್. "ಡಬ್ಬಿ ಕಾಯಿಗೆ ಬ್ಯಾಡಗಿ ಹೆಣ್ಣಮಗಳು ಮೂಗು ಮುಚ್ಚಂಗಿಲ್ಲ. ಒಳಗ ಉರಿಗಾಯಿ ಐತಿ ಅಂತ ನಿಮ್ಮ ಕೈಗೆ ಮೊದಲ ಗೊತ್ತಿತ್ತು. ದಿಲ್ಲಿ ಸಾಹೇಬ್ರು ಇದು ಸಾಕ್ಷಿ ಅಲ್ಲ ಅಂತಾರ, ಬರೇ ರೂಢಿ ಅಂತಾರ. ಅವತ್ತ ಹಾವೇರ್ಯಾಗ ನೀವು ಕೈ ತಾನ ಹೋಗತೈತಿ ಅಂದ್ರೆಲ್ಲ, ಆ ಮಾತು ಖರೇನೋ ಸುಳ್ಳೋ ಅಷ್ಟ ಹೇಳ್ರಿ. ಸುಳ್ಳು ಅಂದ್ರ ನಾ ಎದ್ದು ಹೊಕ್ಕೇನಿ."

ಮೂಲೆಯಲ್ಲಿ ಬೆಳ್ಳುಳ್ಳಿಯ ಸಪ್ಪಳ ನಿಂತಿತು. ಎಲ್ಲ ಅಳೆದು ತೂಗಿದ್ದಳು ಪುಷ್ಪಲತಾ: ಚೀಟಿ, ಅಂಟು, ಕಪಾಟು, ಗಿರಿಯಪ್ಪನ ನಾಟಕ. ತನ್ನ ಬಲಗೈಯೊಂದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ. ಈಗ ಸುಳ್ಳು ಎಂದು ಅಂದರೆ ಮುಗಿಯಿತು, ಇನ್‌ಸ್ಪೆಕ್ಟರು ಎದ್ದು ಹೋಗುತ್ತಾನೆ, ಗಿರಿಯಪ್ಪನ ನಿಷ್ಕಾಳಜಿ ಅವನ ಹಣೆಗೇ ಅಂಟಿಕೊಂಡಿರುತ್ತದೆ. ಆದರೆ ಶ್ವೇತಾಳ ಹಣೆಯ ನಿಷ್ಕಾಳಜಿಯೂ ಅಳಿಯುವುದಿಲ್ಲ; ಅವಳು ಕಾಣದ ಕಣ್ಣನ್ನು ಅಕ್ಕನ ದನಿಯ ಕಡೆ ತಿರುಗಿಸಿ ಕೂತಿದ್ದಳು. "ಖರೇ ಐತ್ರಿ" ಎಂದಳು ಪುಷ್ಪಲತಾ. "ಬರಕೊಳ್ರಿ. ನನ್ನ ತಂಗಿ ಮುಖಾ ಮುಚ್ಚಿಕೊಂಡಿದ್ಲು."