ಸಾಬೂನಿನ ಪೊರೆ

ಕ್ರಿ.ಶ. 2061. ವಿಜಯಪುರದ ಹಳೆಯ ವಸತಿಗೃಹವೊಂದರ ಬಾತ್‌ಟಬ್‌ಗೆ ವಿಜ್ಞಾನಿ ಶೈಲಜಾ ಹುಣಶ್ಯಾಳ ತಿಳಿಹಸಿರು ದ್ರವವನ್ನು ಸಿಂಪಡಿಸಿದರು. ಆರೇ ನಿಮಿಷದಲ್ಲಿ, ವರ್ಷಗಟ್ಟಲೆ ಅಂಟಿಕೊಂಡಿದ್ದ ಬಿಳಿಯ ಜಿಡ್ಡು ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಜಾರಿಹೋಯಿತು.

ಇಪ್ಪತ್ತೆಂಟು ವರ್ಷ ಇಲ್ಲಿನ ಬಚ್ಚಲುಗಳನ್ನು ಆ್ಯಸಿಡ್ ಹಾಕಿ ತೊಳೆದಿದ್ದ ಕಾಶವ್ವ ಟಬ್ಬಿನ ಮೇಲೆ ಬೆರಳಾಡಿಸಿದಳು.

"ಉಜ್ಜೂದ ಬ್ಯಾಡೇನ್ರಿ?"

"ಬ್ಯಾಡ್ರಿ. ಇಲ್ಲಿನ ಗಡಸು ನೀರಾಗಿನ ಸುಣ್ಣ ಸಾಬೂನಿನ ಕೊಬ್ಬನ್ನ ಗಟ್ಟಿ ಹಿಡಕೋತೈತಿ. ಈ ಕಿಣ್ವ ಆ ಹಿಡಿತ ಬಿಡಸತೈತಿ. ಘಾಟು ಇಲ್ಲ, ಉರಿ ಇಲ್ಲ."

ಕಿಣ್ವವೆಂದರೆ ಜೀವಕೋಶಗಳು ತಯಾರಿಸುವ, ಒಂದೇ ಕೆಲಸಕ್ಕೆ ಪಳಗಿದ ಪ್ರೋಟೀನು. ಅಗಸರು ಬಟ್ಟೆ ಒಗೆಯುವ ಕಟ್ಟೆಯ ಚರಂಡಿಯಲ್ಲಿದ್ದ ಬ್ಯಾಕ್ಟೀರಿಯಾದಿಂದ ಶೈಲಜಾ ಇದನ್ನು ಪಡೆಯಲು ಒಂಬತ್ತು ವರ್ಷ ಹಿಡಿದಿತ್ತು.

"ಹಂಗಾದ್ರ ಕಾಶವ್ವನ ಕೆಲಸ ಮುಗೀತು ಬಿಡ್ರಿ," ಎಂದ ಮ್ಯಾನೇಜರ್ ಬಸವಂತ.

ಕಾಶವ್ವ ಸೆರಗಿನಲ್ಲಿ ಬಾಯಿ ಮುಚ್ಚಿ ಕೆಮ್ಮಿದಳು. ಕೆಮ್ಮು ನಿಂತ ಮೇಲೆ, "ಹನ್ನೊಂದನೇ ಖೋಲ್ಯಾಗ ಇದು ನಡ್ಯಾಂಗಿಲ್ರಿ. ಅಲ್ಲಿ ಬರೂದು ಹಿತ್ತಲ ಬೋರ್‌ವೆಲ್ ನೀರು. ನೊರೀನ ಬ್ಯಾರೆ," ಎಂದಳು.

ಶೈಲಜಾ ಹನ್ನೊಂದನೇ ಕೋಣೆಯಲ್ಲಿ ಪರೀಕ್ಷಿಸಿದರು. ಒಂದು ಗಂಟೆ ಕಳೆದರೂ ಜಿಡ್ಡು ಮಿಸುಕಲಿಲ್ಲ. ಕಿಣ್ವ ಪಳಗಿದ್ದು ಸುಣ್ಣಕ್ಕೆ; ಆ ನೀರಿನಲ್ಲಿ ಮೆಗ್ನೀಸಿಯಂ ಹೆಚ್ಚಾಗಿತ್ತು. ಪ್ರಯೋಗಾಲಯದ ಒಂದೇ ನೀರನ್ನು ನಂಬಿ ತಾವು ಎಡವಿದ್ದು ಅವರಿಗೆ ಅರ್ಥವಾಯಿತು. ಕಾಶವ್ವ ಮಾತ್ರ ನೊರೆ ನೋಡಿಯೇ ನೀರಿನ ಗುಣ ಹೇಳಬಲ್ಲವಳಾಗಿದ್ದಳು.

"ನಮ್ಮ ಪ್ರಯೋಗಾಲಯಕ್ಕ ಕೆಲಸಕ್ಕ ಬರ್ತೀರೇನ್ರಿ ಕಾಶವ್ವಾ?"

"ಆ್ಯಸಿಡ್ ಮುಟ್ಟೂದಿಲ್ಲಂದ್ರ ನಾಳೇನ ಬರ್ತೀನ್ರಿ."

ಎರಡು ವರ್ಷದಲ್ಲಿ, ಊರೂರಿನ ನೀರಿಗೆ ಹೊಂದುವ ಹದಿನೇಳು ಬಗೆಯ ದ್ರವ ಸಿದ್ಧವಾಯಿತು. ಹೋಟೆಲು, ಆಸ್ಪತ್ರೆಗಳಿಂದ ಆ್ಯಸಿಡ್ ಸೀಸೆಗಳು ಕಾಣೆಯಾದವು. ಬಳಸುವ ಕ್ರಮವನ್ನು ಕಾಶವ್ವ ಊರೂರಿಗೆ ಹೋಗಿ ಕಲಿಸಿದಳು. ಆದರೆ ಆ್ಯಸಿಡ್ ಹೊಗೆಯಿಂದ ಅವಳ ಶ್ವಾಸಕೋಶದಲ್ಲಾದ ಗಾಯದ ಕಲೆ ಇನ್ನು ಮಾಯುವುದಿಲ್ಲವೆಂದು ವೈದ್ಯರು ಹೇಳಿದರು.

"ಇದನ್ನ ನಾ ಇನ್ನೂ ಮೊದಲ ಕಂಡುಹಿಡೀಬೇಕಿತ್ತು," ಎಂದರು ಶೈಲಜಾ, ಎಕ್ಸ್‌ರೇ ಕೆಳಗಿಡುತ್ತ.

"ನಿಮ್ಮ ತೊಳಿಯೂ ಔಷಧ ಚೊಲೋ ಐತ್ರಿ. ಆದ್ರ ಆಗ ನನಗ ಬೇಕಾಗಿದ್ದು ಬಚ್ಚಲದಾಗ ಒಂದು ಕಿಡಕಿ. ಎಲ್ಲಾ ಖೋಲಿಗೂ ಎಸಿ ಹಾಕ್ಸಿದ್ರು, ಬಚ್ಚಲಕ್ಕ ಗಾಳಿ ಬೇಕಂತ ಯಾರಿಗೂ ಹೊಳೀಲಿಲ್ಲ. ಒಳಗ ನಿಂತು ಉಸರಾಡಿದವ್ರು ನಾವಷ್ಟ ನೋಡ್ರಿ."

ಶೈಲಜಾ ಅಂದೇ ದ್ರವದ ಬಳಕೆಯ ಕೈಪಿಡಿಯನ್ನು ತಿದ್ದಿದರು. ಎಲ್ಲ ಸೂಚನೆಗಳಿಗೂ ಮೊದಲು ಒಂದು ಸಾಲು ಸೇರಿತು: 'ತೊಳೆಯುವವರಿಗೆ ಗಾಳಿ ಬರುವ ವ್ಯವಸ್ಥೆ ಮಾಡಿ.' ಆ ಒಂದು ಸಾಲಿಗಾಗಿ ಯಾರೂ 2063ರವರೆಗೆ ಕಾಯಬೇಕಾಗಿರಲಿಲ್ಲ.